ಬಸ್ಸು ಕಾಯುವವರ ಕಿವಿ

ಕೇಳಿಸಬೇಕಾದರೆ ಸದ್ದು ಇರಲೇಬೇಕು ಎಂಬ ನಿಯಮ ಬಸ್ ಸ್ಟ್ಯಾಂಡಿನಲ್ಲಿ ನಡೆಯುವುದಿಲ್ಲ. ಅಲ್ಲಿ ಹೊತ್ತು ಗೊತ್ತಾದರೆ ಸಾಕು. ಸಂತೇಬೆನ್ನೂರಿನಲ್ಲಿ ದಾವಣಗೆರೆ ಬಸ್ಸಿಗೆ ನಿಂತವರ ಕಿವಿ, ಟೀ ಅಂಗಡಿಯವರು ‘ಇನ್ನೈದ್ ನಿಮಿಷಕ್ಕೆ ಬರ್ತತಿ ಬಿಡ್ರಿ’ ಅನ್ನುವವರೆಗೆ ತನ್ನ ಪಾಡಿಗೆ ತಾನಿರುತ್ತದೆ. ಅಂದ ಮೇಲೆ ನೆಮ್ಮದಿ ಮುಗಿಯಿತು.

ಇದು ಅಳತೆಗೂ ಸಿಕ್ಕಿದೆ. ಮೊದಲು ಒಂದು ಮುನ್ಸೂಚನೆ, ಆಮೇಲೆ ಗುಂಡಿ ಒತ್ತಲು ಸಂಕೇತ. ಇವೆರಡರ ನಡುವಿನ ಖಾಲಿ ಹೊತ್ತಿನಲ್ಲಿ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ನಿಧಾನಕ್ಕೆ ಬಲಿಯುವುದನ್ನು ಬ್ರಿಸ್ಟಲ್ಲಿನ ಗ್ರೇ ವಾಲ್ಟರ್ ಮತ್ತು ಸಂಗಡಿಗರು 1964ರಲ್ಲಿ ತೋರಿಸಿದರು. ಹೀಗೆ ಕಾದು ಕೂತ ಕಿವಿಗೆ ಸಣ್ಣ ಸದ್ದೂ ಬೇಗ ಸಿಗುತ್ತದೆ. ಇಲ್ಲದ್ದನ್ನು ಇದೆ ಅನ್ನುವ ಚಪಲವೂ ಜೊತೆಗೇ ಬೆಳೆಯುತ್ತದೆ.

ಅಡಿಕೆ ಸುಗ್ಗಿಯಲ್ಲಿ ಈ ಚಪಲ ಪೂರ್ಣಾವಸ್ಥೆಗೆ ಬರುತ್ತದೆ. ಐದು ನಿಮಿಷವಾಗುತ್ತಲೇ ಪ್ರಯಾಣಿಕನಿಗೆ ದೂರದಲ್ಲಿ ಗುರ್ ಎಂದು ಕೇಳುತ್ತದೆ. ಪೇಪರು ಮಡಿಸುತ್ತಾನೆ. ಗುರ್ ಎಂಬುದರೊಳಗೆ ಗೇರು ಬದಲಾಯಿಸಿದ್ದು ಕೇಳುತ್ತದೆ. ಅಂದರೆ ತಿರುವು ದಾಟಿತು. ಬ್ಯಾಗು ಹೆಗಲಿಗೇರುತ್ತದೆ. ಬ್ರೇಕಿನ ಕಿರ್ರು, ಕಂಡಕ್ಟರನ ಸೀಟಿ, ಕೊನೆಗೆ ಕ್ಲೀನರ್ ‘ದಾವಣ್ಗೆರೆ, ದಾವಣ್ಗೆರೆ’ ಎಂದು ಕೂಗುವುದು ಕೂಡ ಸ್ಪಷ್ಟ. ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು, ತೂಕಡಿಸುತ್ತಿದ್ದ ಅಜ್ಜಿಯನ್ನು ‘ಏಳಜ್ಜಿ, ಬಸ್ ಬಂತು’ ಎಂದು ಎಬ್ಬಿಸಿ, ಅವರ ಗಂಟನ್ನೂ ತಾನೇ ಎತ್ತಿಕೊಂಡು, ರಸ್ತೆಗಿಳಿದು ಕೈ ಅಡ್ಡ ಹಿಡಿಯುತ್ತಾನೆ. ಎದುರಿಗೆ ಒಂದು ಎಮ್ಮೆ. ಗುರ್ ಅನ್ನುತ್ತಿದ್ದುದು ಖೇಣಿಮನೆಯ ಅಡಿಕೆ ಸುಲಿಯುವ ಮಷಿನ್ನು. ಬೆಳಗಿನಿಂದಲೂ ಅದು ಓಡುತ್ತಲೇ ಇತ್ತು. ಎಮ್ಮೆ ನಿಂತಿತು, ಅಷ್ಟರಮಟ್ಟಿಗೆ ಕೈಗೆ ಬೆಲೆ ಬಂತು. ಹಿಡಿದ ಕೈಯನ್ನು ಸುಮ್ಮನೆ ಇಳಿಸಿದರೆ ಸೋತಂತೆ; ಅದನ್ನು ತಲೆಗೆ ಒಯ್ದು ಕ್ರಾಪು ಸರಿ ಮಾಡಿಕೊಳ್ಳುವುದು ರೂಢಿ. ‘ಎಲ್ಲೈತಪ್ಪಾ?’ ಎಂದು ಅಜ್ಜಿ ಕೇಳಿದರೆ ಅದಕ್ಕೆ ರೂಢಿಯಲ್ಲಿ ಉತ್ತರವಿಲ್ಲ.

ತಪ್ಪು ಕಿವಿಯದಲ್ಲ, ಹೊತ್ತು ಹೇಳಿದವರದು. ಆ ಐದು ನಿಮಿಷ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಒಂದು ಟೀ ಕುಡಿಯಲು ಹಿಡಿಯುವ ಸಮಯ ಅದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕಿವಿಗಳಲ್ಲೂ ಎರಡು ಪಕ್ಷಗಳಾಗಿವೆ. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಆಧಾರ್ ಕಾರ್ಡು ಹಿಡಿದು ನಿಂತ ಹೆಂಗಸರಿಗೆ ಪ್ರೈವೇಟ್ ಬಸ್ಸಿನ ಹಾರ್ನು ಪಕ್ಕದಲ್ಲೇ ಅರಚಿದರೂ ಕೇಳಿಸುವುದಿಲ್ಲ.

ಬಾರದ ಬಸ್ಸಿಗೆ ಕೈ ಹಿಡಿದರೆ ಮಾನ ಮಾತ್ರ ಹೋಗುತ್ತದೆ. ಕೆಲಸ ಹೋದವರೂ ಇದ್ದಾರೆ. ಗ್ರೀನಿಚ್ ವೀಕ್ಷಣಾಲಯದಲ್ಲಿ, ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರ ದಾಟುವ ಗಳಿಗೆಯನ್ನು ಗಡಿಯಾರದ ಟಿಕ್‌ಟಿಕ್ ಎಣಿಸುತ್ತ ಗುರುತಿಸಬೇಕಿತ್ತು. ಸಹಾಯಕ ಡೇವಿಡ್ ಕಿನೆಬ್ರೂಕ್ ಬರೆದ ಹೊತ್ತು ಮೇಲಧಿಕಾರಿ ಮ್ಯಾಸ್ಕಲೈನ್ ಬರೆದದ್ದಕ್ಕಿಂತ ಸುಮಾರು 0.8 ಸೆಕೆಂಡ್ ತಡವಾಗಿತ್ತು. 1796ರಲ್ಲಿ ಅವನನ್ನು ಮನೆಗೆ ಕಳಿಸಿದರು. ನುರಿತ ಇಬ್ಬರ ಕಣ್ಣು-ಕಿವಿಗಳೂ ಒಂದೇ ಹೊತ್ತು ಹೇಳುವುದಿಲ್ಲವೆಂದು ಖಗೋಳಜ್ಞ ಬೆಸೆಲ್ ಮುಂದೆ ಕಂಡುಕೊಂಡ; ಅಷ್ಟರಲ್ಲಿ ಕಿನೆಬ್ರೂಕ್ ತೀರಿಹೋಗಿದ್ದ.

ಹೇಳಿದ ಹೊತ್ತು ಮೀರಿ ಆಸೆ ಕೈಬಿಟ್ಟಾಗ ಕಿವಿ ಇನ್ನೊಂದು ತುದಿಗೆ ಹೋಗುತ್ತದೆ. ನಿಜವಾದ ಬಸ್ಸು ಬಂದಾಗ ಪ್ರಯಾಣಿಕ ಅದನ್ನು ಅಡಿಕೆ ಮಷಿನ್ನೆಂದು ತೀರ್ಮಾನಿಸಿ ಪೇಪರಿನ ಒಳಪುಟ ತಿರುಗಿಸುತ್ತಾನೆ. ಕಿಟಕಿ ಪಕ್ಕದ ಸೀಟು ಅಷ್ಟೊತ್ತಿಗೆ ಅಜ್ಜಿಯದಾಗಿರುತ್ತದೆ.