ಸಾಹೇಬರಿಗೆ ಹತ್ತಕ್ಕೆ ಒಂಬತ್ತು

ಕೆಂಪೇಗೌಡರು ಈ ಕಾಲದ ಅಧಿಕಾರಿಯಾಗಿದ್ದರೆ ಅವರ ಕಾರ್ಯನಿರ್ವಹಣಾ ವರದಿ ಹೀಗಿರುತ್ತಿತ್ತು: 'ಸದರಿ ಅಧಿಕಾರಿಯು 1537ರಲ್ಲಿ ಒಂದು ನಗರವನ್ನು ಕಟ್ಟಿರುತ್ತಾರೆ. ಪೇಟೆಗಳನ್ನು ವಿಂಗಡಿಸಿ, ಕೆರೆಗಳನ್ನು ತೋಡಿಸಿರುತ್ತಾರೆ. ಹುತ್ರಿದುರ್ಗವೂ ಸೇರಿದಂತೆ ಸುತ್ತಲ ಬೆಟ್ಟಗಳಲ್ಲಿ ಕೋಟೆ ಕಟ್ಟಿಸಿರುತ್ತಾರೆ. ಆದಾಗ್ಯೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯದೆ ನಾಣ್ಯ ಟಂಕಿಸಿರುವುದು ಕಂಡುಬಂದಿರುತ್ತದೆ. ಶ್ರೇಣಿ: ಅತೃಪ್ತಿಕರ.'

ಐತಿಹ್ಯ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಚನ್ನಪಟ್ಟಣದ ಜಗದೇವರಾಯ ವಿಜಯನಗರಕ್ಕೆ ದೂರು ಒಯ್ದನಂತೆ, ಅಳಿಯ ರಾಮರಾಯ ಕರೆಸಿಕೊಂಡನಂತೆ, ಆನೆಗೊಂದಿಯಲ್ಲಿ ಐದು ವರ್ಷ ಸೆರೆವಾಸವಂತೆ. ನಮ್ಮ ಸೀಮೆಯಲ್ಲಿ ನಗರ ನಡೆಸುವವನೊಬ್ಬನ ಕೆಲಸವನ್ನು ಗಂಭೀರವಾಗಿ ಪರಿಶೀಲಿಸಿದ್ದು ಅದೇ ಕೊನೆ ಇರಬೇಕು. ಆಗಲೂ ಯಾರೂ 'ಕೆರೆಗೆ ನೀರು ಬಂತಾ' ಅಂತ ಕೇಳಲಿಲ್ಲ. 'ಅನುಮತಿ ಪತ್ರ ಎಲ್ಲಿ' ಅಂತ ಕೇಳಿದರು.

ಇವತ್ತಿನ ಪಾಲಿಕೆ ಆಯುಕ್ತರು ಪುಣ್ಯವಂತರು. ಅವರಿಗೆ ಸೆರೆ ಇಲ್ಲ, ಸಭೆ ಇದೆ. ಮೂರು ತಿಂಗಳಿಗೊಮ್ಮೆ ಕೆಡಿಪಿ, ನಡುನಡುವೆ ಪ್ರಗತಿ ಪರಿಶೀಲನೆ, ಉಳಿದ ದಿನ ವಿಡಿಯೋ ಕಾನ್ಫರೆನ್ಸ್. ಯಾವ ಜಿಲ್ಲೆಯ ಸಭೆಗಾದರೂ ಹೋಗಿ ನೋಡಿ: ಮೇಜಿನ ಮೇಲೆ ತಟ್ಟೆಯಲ್ಲಿ ಗೋಡಂಬಿ, ಪ್ರತಿಯೊಬ್ಬರ ಮುಂದೆ ಒಂದು ನೀರಿನ ಬಾಟಲಿ. ಕಾರ್ಯಸೂಚಿಯ ಮೊದಲ ವಿಷಯ, ಕುಡಿಯುವ ನೀರು.

'ಎಷ್ಟಾಯ್ತ್ರೀ ನೀರಿಂದು?'

'ಆರ್ಥಿಕ ಪ್ರಗತಿ ತೊಂಬತ್ತು ಪರ್ಸೆಂಟ್ ದಾಟಿದೆ ಸರ್.'

'ಭೌತಿಕ?'

'ಅದೂ ಹತ್ತಿರತ್ತಿರ ಬಂದಿದೆ ಸರ್.'

'ನೀರು?'

'ಅದು ಮುಂದಿನ ಹಂತದಲ್ಲಿ ಬರುತ್ತೆ ಸರ್.'

ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ದುಡ್ಡು ಖರ್ಚಾಗಿದೆ, ಪೈಪು ಹೂತಿದೆ. ಇನ್ನು ನೀರು ಬರಲಿಲ್ಲ ಅಂದರೆ ಅದು ನೀರಿನ ಬೇಜವಾಬ್ದಾರಿ. ತುಮಕೂರಿಗೆ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬಂದಿದ್ದಾಳೋ ಇಲ್ಲವೋ ಎಂಬುದು ಸಭೆಯಲ್ಲಿ ಅಂಕಿ. ತುಮಕೂರಿನ ಬೀದಿಯ ಹೆಂಗಸರಿಗೆ ಬೇಕಾದ್ದು ಒಂದೇ: ವಾಟರ್‌ಮ್ಯಾನ್ ಇವತ್ತು ನಮ್ಮ ವಾಲ್ವ್ ತಿರುಗಿಸಿದನಾ? ಯಾವ ಗುರಿಪಟ್ಟಿಯಲ್ಲೂ ಆ ವಾಲ್ವ್‌ಗೆ ಒಂದು ಕಲಂ ಇಲ್ಲ.

ಕಟ್ಟಿದ್ದನ್ನು ಅಳೆದು ಪ್ರಗತಿ ಎಂದು ಕರೆದರೆ ಏನಾಗುತ್ತದೆಂದು ತಿಳಿಯಲು ಹುತ್ರಿದುರ್ಗಕ್ಕೇ ಬನ್ನಿ. ಕುಣಿಗಲ್ ತಾಲ್ಲೂಕಿನ ಸಂತೆಪೇಟೆಯಿಂದ ಹತ್ತುತ್ತಾ ಹೋದರೆ ಬಾಗಿಲ ಹಿಂದೆ ಬಾಗಿಲು, ಸುತ್ತಿನ ಮೇಲೆ ಸುತ್ತು. ಭೌತಿಕ ಪ್ರಗತಿ ಶೇಕಡಾ ನೂರು. ಇವತ್ತಿನ ಯಾವ ಗುತ್ತಿಗೆದಾರನೂ ಅಂಥ ಗೋಡೆ ಕಟ್ಟಲಾರ. 1791ರಲ್ಲಿ ಬ್ರಿಟಿಷರು ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು. 24ಕ್ಕೆ ಕಾರ್ನ್‌ವಾಲಿಸ್‌ನ ಪಡೆ ಹುತ್ರಿದುರ್ಗದ ಗೋಡೆಗೆ ಏಣಿ ಹಾಕಿತು. ಸಂಜೆಯೊಳಗೆ ಕೋಟೆ ಅವರದಾಯಿತು. ಗೋಡೆಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಆ ದಿನ ಸಂಜೆ ಪ್ರಗತಿ ಪರಿಶೀಲನೆ ನಡೆದಿದ್ದರೂ ವರದಿಯಲ್ಲಿ 'ಪೂರ್ಣಗೊಂಡಿದೆ' ಎಂದೇ ಇರುತ್ತಿತ್ತು.

ಸಭೆ ಬಿಡಿ, ಲಿಖಿತ ಪರೀಕ್ಷೆಯೂ ಇದೆ ಎನ್ನುತ್ತೀರಿ. ಇದೆ. ಐಎಎಸ್ ಅಧಿಕಾರಿಗಳಿಗೆ 2007ರ ನಿಯಮ, ರಾಜ್ಯದ ಅಧಿಕಾರಿಗಳಿಗೆ 1994ರ ನಿಯಮ. ಐಎಎಸ್ ನಮೂನೆಯನ್ನೇ ನೋಡಿ. ವರ್ಷದ ಗುರಿ ಏನು, ಏನು ಸಾಧಿಸಿದೆ ಎಂಬುದನ್ನು ಮೊದಲು ಅಧಿಕಾರಿಯೇ ಬರೆಯಬೇಕು. ಅಂದರೆ ಪ್ರಶ್ನೆಪತ್ರಿಕೆಯಲ್ಲೂ ಅವರದೇ ಕೈ, ಉತ್ತರವೂ ಅವರದೇ. ಮೇಲಿನವರು ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ, ಅದರ ಮೇಲಿನವರು ಪರಿಶೀಲಿಸುತ್ತಾರೆ, ಅದಕ್ಕೂ ಮೇಲಿನವರು ಅಂಗೀಕರಿಸುತ್ತಾರೆ. ಒಂದು, ಎರಡು ಕೊಟ್ಟರೆ ನಿರ್ದಿಷ್ಟ ವೈಫಲ್ಯ ತೋರಿಸಬೇಕು. ಒಂಬತ್ತು, ಹತ್ತು ಕೊಟ್ಟರೆ ನಿರ್ದಿಷ್ಟ ಸಾಧನೆ ತೋರಿಸಬೇಕು. ಇವೆರಡೂ ಅಪರೂಪವಾಗಿರಬೇಕು ಎಂದು ನಮೂನೆಯೇ ಬುದ್ಧಿ ಹೇಳುತ್ತದೆ. ಆದರೆ ವರದಿಯನ್ನು ಆ ಅಧಿಕಾರಿಗೆ ತೋರಿಸಲೇಬೇಕು, ಅಂಕ ಕಡಿಮೆಯಿದ್ದರೆ ಅವರು ಆಕ್ಷೇಪಣೆ ಹಾಕುತ್ತಾರೆ, ಅದಕ್ಕೆ ಉತ್ತರ ಬರೆಯಬೇಕು. ಒಂಬತ್ತು ಕೊಟ್ಟರೆ ಒಂದು ನಮಸ್ಕಾರ ಬರುತ್ತದೆ. ಯಾವ ಮೇಲಧಿಕಾರಿಗೆ ಬೇಕು ಈ ಉಸಾಬರಿ? ಆದ್ದರಿಂದ ಅಪರೂಪವೇ ಮಾಮೂಲಾಗಿದೆ. ಕಾಗದದಲ್ಲಿ ಕೆಟ್ಟ ಆಯುಕ್ತರೇ ಇಲ್ಲದ ನಾಡಿನಲ್ಲಿ ಇಷ್ಟೊಂದು ಕೆಟ್ಟ ಚರಂಡಿಗಳು ಹೇಗೆ ಬಂದವೆಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ.

ಬೇರೆ ದಾರಿ ಇಲ್ಲವೆಂದಲ್ಲ. ಅಮೆರಿಕದ ಡೇಟನ್ ಎಂಬ ಊರು 1913ರ ಪ್ರವಾಹದಲ್ಲಿ ಮುಳುಗೆದ್ದು, ಮರುವರ್ಷವೇ ಹೊಸ ಪದ್ಧತಿ ತಂದಿತು. ಜನ ಆರಿಸಿದ ಸಮಿತಿ ಒಬ್ಬ ವ್ಯವಸ್ಥಾಪಕನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು. ಅವನು ಮಾಡಿ ತೋರಿಸಬೇಕು, ಇಲ್ಲವೇ ಮನೆಗೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಈಗಲೂ ಇದೇ ನಡೆಯುತ್ತಿದೆ. ನಮ್ಮ 1976ರ ಪೌರನಿಗಮಗಳ ಕಾಯ್ದೆಯಲ್ಲಿ ಆಯುಕ್ತರನ್ನು ನೇಮಿಸುವುದು ಸರ್ಕಾರ. ಮೇಯರ್ ಗಾದಿ ತುಮಕೂರು ಕಂಡಂತೆ ವರ್ಷಕ್ಕೊಬ್ಬರದು. ಮೇಯರಮ್ಮನಿಗೆ ವಾರ್ಡುಗಳ ಹೆಸರು ಬಾಯಿಗೆ ಬರುವ ಹೊತ್ತಿಗೆ ಬೀಳ್ಕೊಡುಗೆಯ ಹಾರ ಬಂದಿರುತ್ತದೆ. ಅದೂ ಕೌನ್ಸಿಲ್ ಇದ್ದಾಗಿನ ಮಾತು. ಬೆಂಗಳೂರಿನ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ತುಮಕೂರಿನಲ್ಲೂ 2024ರ ಆರಂಭಕ್ಕೆ ಅವಧಿ ಮುಗಿದು ಆಡಳಿತಾಧಿಕಾರಿ ಬಂದು ಕೂತರು. ಅಧಿಕಾರಿ ಅಧಿಕಾರಿಯನ್ನು ಕೇಳುತ್ತಾರೆ, ಅಧಿಕಾರಿ ಅಧಿಕಾರಿಗೆ ಉತ್ತರಿಸುತ್ತಾರೆ, ಇಬ್ಬರಿಗೂ ಸಮಾಧಾನವಾಗುತ್ತದೆ.

ನಮ್ಮಲ್ಲಿ ಆಯುಕ್ತರ ಮೌಲ್ಯಮಾಪನಕ್ಕೆ ನಿಜವಾಗಿ ಬಳಸುವ ಅಸ್ತ್ರ ವರ್ಗಾವಣೆ. ಕೆಲಸ ಮಾಡದಿದ್ದರೆ ಜನರ ಗಲಾಟೆಯಿಂದ ವರ್ಗ. ಮಾಡಿದರೆ ಬೇರೆಯವರ ಗಲಾಟೆಯಿಂದ ವರ್ಗ. ಅಧಿಕಾರಿಗಳಿಗೆ ಒಂದೆಡೆ ಕನಿಷ್ಠ ಅವಧಿ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಅಕ್ಟೋಬರಿನಲ್ಲಿ ಹೇಳಿತು. ಮರುವರ್ಷ ನಿಯಮ ತಿದ್ದುಪಡಿಯಾಗಿ ಐಎಎಸ್‌ಗೆ ಎರಡು ವರ್ಷ ಎಂದಾಯಿತು. ಜೊತೆಗೆ ಕಾರಣ ಬರೆದಿಟ್ಟು ಅವಧಿಗೆ ಮೊದಲೇ ವರ್ಗ ಮಾಡುವ ಕಿಂಡಿಯೂ ಬಂತು. ಆ ಕಿಂಡಿಯೇ ಈಗ ಹೆಬ್ಬಾಗಿಲು.

ಊರಿಗೂ ಅಂಕ ಕೊಡುವ ಪದ್ಧತಿ ಬಂದ ಮೇಲಂತೂ ಮಜವೋ ಮಜ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಂದೇ ದಿನ ಎರಡು ಪಟ್ಟಿ ಬಿಟ್ಟಿತು. ಸುಲಭವಾಗಿ ಬದುಕಬಹುದಾದ ದೊಡ್ಡ ನಗರಗಳಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ. ದೊಡ್ಡ ಊರುಗಳ ಪಾಲಿಕೆಗಳು ಹೇಗೆ ಕೆಲಸ ಮಾಡುತ್ತಿವೆ ಎಂಬ ಪಟ್ಟಿಯಲ್ಲಿ ಅದೇ ಬೆಂಗಳೂರಿಗೆ 31ನೆಯ ಸ್ಥಾನ. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಸುಲಭವಾಗಿ ಬದುಕಲು ಪಾಲಿಕೆಯ ಅಗತ್ಯವಿಲ್ಲ ಎಂದಾಯಿತು. ತುಮಕೂರಿಗೆ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟ ಸಿಕ್ಕಿತು. ಅದಕ್ಕೆ ಪಾಲಿಕೆ ಸಾಲದೆಂದು ಬೇರೆ ಕಂಪನಿಯೇ ಹುಟ್ಟಿತು. ಅಂದಿನಿಂದ ಅಗೆದ ರಸ್ತೆಯ ಬಗ್ಗೆ ಪಾಲಿಕೆಯನ್ನು ಕೇಳಿದರೆ 'ಅದು ಸ್ಮಾರ್ಟ್ ಸಿಟಿ', ಸ್ಮಾರ್ಟ್ ಸಿಟಿಯನ್ನು ಕೇಳಿದರೆ 'ಅದು ನೀರಿನ ಮಂಡಳಿ'. 2025ರ ಮಾರ್ಚ್ 31ಕ್ಕೆ ಮಿಷನ್ನೇ ಮುಗಿಯಿತು. ಅಲ್ಲಿಗೆ ಊರು ಅಧಿಕೃತವಾಗಿ ಸ್ಮಾರ್ಟ್ ಆಗಿದೆ. ಇನ್ನು ಯಾರಿಗಾದರೂ ಹಾಗನ್ನಿಸದಿದ್ದರೆ ಕೊರತೆ ಅವರಲ್ಲೇ ಇದೆ.

ಇದನ್ನೆಲ್ಲ ಕೇಳಿದ ನಮ್ಮ ಕಡೆಯ ಹಿರಿಯರೊಬ್ಬರು ನಕ್ಕರು. 'ಅಲ್ಲ ಕಣಪ್ಪ, ಕೆರೆ ತೂಬು ಎತ್ತೋ ನೀರುಗಂಟಿಗೆ ಯಾರಪ್ಪ ಮಾರ್ಕ್ಸ್ ಕೊಡ್ತಿದ್ರು? ಕೊನೇ ಗದ್ದೆಗೆ ನೀರು ಹತ್ತಲಿಲ್ವ, ಸುಗ್ಗೀಲಿ ನೀರುಗಂಟಿ ತನ್ನ ಪಾಲಿನ ಕಾಳಿಗೆ ಕಣಕ್ಕೆ ಬಂದಾಗ ಆ ಗದ್ದೆಯೋನು ಮೊರ ಮಗುಚಿ ಇಡ್ತಿದ್ದ. ಅಷ್ಟೇ. ಮುಂದಿನ ವರ್ಷ ನೋಡು, ನೀರುಗಂಟಿ ರಾತ್ರಿ ಹನ್ನೆರಡಕ್ಕೂ ಬದೂಗೆ ಬಂದು ನಿಂತಿರ್ತಿದ್ದ.'

ಇಷ್ಟೇ ನೋಡಿ ವಿಷಯ. ಗುರಿ ಒಂದೇ: ಕೊನೆಯ ಗದ್ದೆ. ಪರಿಶೀಲಿಸುವವನೂ ಒಬ್ಬನೇ: ಕೊನೆಯ ಗದ್ದೆಯವನು. ಅಂಕ ಕೊಡುವುದೂ ಕಣದಲ್ಲೇ, ಎಲ್ಲರ ಕಣ್ಣೆದುರು. ನಾವು ಇದನ್ನು ಹಳೆಯ ಪದ್ಧತಿ ಎಂದು ಬಿಟ್ಟು, ಹೊಸ ಪದ್ಧತಿಯಲ್ಲಿ ಸಕಾಲ ತಂದೆವು. ಹೇಳಿದ ದಿನಕ್ಕೆ ಸೇವೆ ಕೊಡದ ಅಧಿಕಾರಿ ದಿನಕ್ಕೆ 20 ರೂಪಾಯಿ ಪರಿಹಾರ ಕೊಡಬೇಕು. ಎಷ್ಟೇ ತಡವಾದರೂ 500 ರೂಪಾಯಿ ಮೀರುವಂತಿಲ್ಲ. ಖಾತೆಗಾಗಿ ಅಲೆಯುವವನ ಒಂದು ದಿನದ ಬೆಲೆ ಹೆಚ್ಚೆಂದರೆ ಒಂದು ಕಾಫಿ, ಆ ಇಪ್ಪತ್ತನ್ನೂ ಅವನು ಅರ್ಜಿ ಹಾಕಿ ಕೇಳಬೇಕು.

ನನ್ನದೊಂದು ನಮೂನೆ ಇದೆ, ಅರ್ಧ ಹಾಳೆಯದು. ಒಂದು: ಊರಿನ ಕೊನೆಯ ಬೀದಿಯ ಕೊನೆಯ ನಲ್ಲಿಗೆ ಈ ತಿಂಗಳು ಎಷ್ಟು ದಿನ ನೀರು ಬಂತು? ಎರಡು: ಅಗೆದ ರಸ್ತೆ ಎಷ್ಟು ದಿನಕ್ಕೆ ಮುಚ್ಚಿತು? ಮೂರು: ಖಾತೆಗೆ ಎಷ್ಟು ಸಲ ಓಡಾಡಿಸಿದರು, ಎಷ್ಟು ಕೇಳಿದರು? ಅಂಕ ಕೊಡಬೇಕಾದವರು ಆ ಬೀದಿಯವರು. ಸಹಿ ಅವರದು, ಷರಾ ಅವರದು.

ಇದನ್ನು ನಗರಾಭಿವೃದ್ಧಿ ಇಲಾಖೆಗೆ ಕಳಿಸಿದರೆ ಏನಾಗುತ್ತದೆಂದೂ ಗೊತ್ತು. 'ಪರಿಶೀಲಿಸಿ ಸೂಕ್ತ ಕ್ರಮಕ್ಕಾಗಿ' ಎಂದು ಷರಾ ಬಿದ್ದು ಅದು ನೇರ ಆಯುಕ್ತರ ಮೇಜಿಗೇ ಬರುತ್ತದೆ. ಅಷ್ಟರಲ್ಲಿ ಆ ಆಯುಕ್ತರಿಗೆ ವರ್ಗವಾಗಿರುತ್ತದೆ. ಹೊಸಬರು 'ಪ್ರಸ್ತಾವನೆಯು ಹಿಂದಿನ ಅಧಿಕಾರಿಗಳ ಅವಧಿಗೆ ಸಂಬಂಧಿಸಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಿದೆ' ಎಂದು ಬರೆದು ಸಹಿ ಹಾಕುತ್ತಾರೆ. ಆ ತಿಂಗಳ ಸಭೆಯಲ್ಲಿ ಪಾಲಿಕೆಯ ಕಡತ ವಿಲೇವಾರಿ ಪ್ರಗತಿ ಶೇಕಡಾ ನೂರು.