ಚರ್ಮಶಾಸನ ವಿವೇಚನೆ

ಶಾಸನವೆಂದರೆ ಕಲ್ಲು, ತಪ್ಪಿದರೆ ತಾಮ್ರಪಟ ಎಂದು ನಂಬಿ ಕೂತ ನಮ್ಮ ವಿದ್ವಾಂಸರು ಮೂರನೆಯ ಮಾಧ್ಯಮವೊಂದನ್ನು ಅಕ್ಷಮ್ಯವಾಗಿ ಕಡೆಗಣಿಸಿದ್ದಾರೆ: ಸೋವಿಯತ್ ಜೈಲುಗಳ ಕಳ್ಳರ ಮೈ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

ಈ ಶಾಖೆಯ ಬಿ.ಎಲ್. ರೈಸ್ ಎಂದರೆ ಡಾಂಜಿಗ್ ಬಲ್ದಾಯೆವ್, ಲೆನಿನ್‌ಗ್ರಾಡಿನ ಕ್ರೆಸ್ತಿ ಜೈಲಿನ ಕಾವಲುಗಾರ. ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಲು ರೈಸ್ ಸಾಹೇಬರು ಊರೂರು ಅಲೆಯಬೇಕಾಯಿತು. ಬಲ್ದಾಯೆವ್‌ಗೆ ಪ್ರಯಾಣಭತ್ಯೆಯ ಗೋಜಿಲ್ಲ, ಶಾಸನಗಳೇ ಬೇಡಿ ತೊಟ್ಟು ಬರುತ್ತಿದ್ದವು. 3,000ಕ್ಕೂ ಹೆಚ್ಚು ಹಚ್ಚೆಗಳನ್ನು ಅವರು ಬರೆದಿಟ್ಟರು. ಕೆಜಿಬಿಯೂ ಈ ಸಂಶೋಧನೆಗೆ ಬೆಂಬಲ ಕೊಟ್ಟಿತು. ಕೈದಿಯ ಚರಿತ್ರೆ ಅವನ ಬಾಯಿಗಿಂತ ಮೈಯಲ್ಲೇ ನೆಟ್ಟಗಿತ್ತಲ್ಲ!

ಲೇಖನ ಸಾಮಗ್ರಿ: ಬೂಟಿನ ರಬ್ಬರ್ ಹಿಮ್ಮಡಿ ಸುಟ್ಟ ಮಸಿ, ಕಲಸಲು ಮೂತ್ರ. ನಮ್ಮ ರೂವಾರಿಗಳಿಗೆ ಈ ಸೌಲಭ್ಯ ಇದ್ದಂತಿಲ್ಲ.

ಇನ್ನು ಅರ್ಥವಿಚಾರ. ಎದೆಯ ಮೇಲಿನ ಚರ್ಚಿನ ಗುಮ್ಮಟಗಳನ್ನು ಕಂಡು ‘ದಾನಶಾಸನ’ ಎಂದು ಷರಾ ಬರೆಯುವುದು ಪ್ರಮಾದ. ಒಂದು ಗುಮ್ಮಟಕ್ಕೆ ಒಂದು ಜೈಲುಶಿಕ್ಷೆ ಎಂದು ಲೆಕ್ಕ. ಮಂಡಿಯ ಮೇಲೆ ನಕ್ಷತ್ರವಿದ್ದರೆ, ಯಾರ ಮುಂದೆಯೂ ಮಂಡಿಯೂರೆನು ಎಂದರ್ಥ. ಬೆಕ್ಕು ಕಳ್ಳನ ಲಾಂಛನ. ಕಣ್ಣು ಮುಚ್ಚಿ ಹಾಲು ಕುಡಿಯುವ ಆ ಪ್ರಾಣಿಗೆ ಕನ್ನಡ ಓದುಗರ ಮುಂದೆ ಟಿಪ್ಪಣಿ ಅನಗತ್ಯ. ಕೆಲವರ ಎದೆಯಲ್ಲಿ ಲೆನಿನ್, ಸ್ಟಾಲಿನ್. ಇದು ನಿಷ್ಠೆಯಲ್ಲ: ನಾಯಕರ ಮುಖಕ್ಕೆ ಯಾವ ಸಿಪಾಯಿ ಗುಂಡು ಹೊಡೆದಾನು ಎಂಬ ಮುಂದಾಲೋಚನೆ. ತರ್ಕವೇನೋ ಅಪ್ಪಟ. ಆದರೆ ಸೋವಿಯತ್ ಮರಣದಂಡನೆ ಸಾಮಾನ್ಯವಾಗಿ ಜಾರಿಯಾಗುತ್ತಿದ್ದದ್ದು ತಲೆಯ ಹಿಂಬದಿಯಿಂದ.

ಕೂಟಶಾಸನದ ಪ್ರಶ್ನೆಯಲ್ಲಿ ಮಾತ್ರ ಕಳ್ಳರು ನಮ್ಮ ವಿದ್ವತ್ತನ್ನು ಮೀರಿಸಿದ್ದಾರೆ. ನಮ್ಮಲ್ಲಿ ಒಂದು ತಾಮ್ರಪಟ ನಕಲಿಯೆಂದು ಗುಮಾನಿ ಬಂದರೆ ಇಬ್ಬರು ಪ್ರಾಧ್ಯಾಪಕರು ನಿವೃತ್ತಿಯವರೆಗೂ ಮಾತು ಬಿಡುತ್ತಾರೆ, ಅಷ್ಟೆ. ಅಲ್ಲಿ ಹೊಸಬ ಕೋಣೆಗೆ ಕಾಲಿಟ್ಟೊಡನೆ ಹಳಬರ ಮೌಖಿಕ ಪರೀಕ್ಷೆ: “ನಿನ್ನ ಹಚ್ಚೆಗೆ ಜವಾಬು ಕೊಡ್ತೀಯಾ?” ಗಳಿಸದ ನಕ್ಷತ್ರ ಎಂದು ತೀರ್ಮಾನವಾದರೆ ಗಾಜಿನ ಚೂರೋ ಇಟ್ಟಿಗೆಯೋ ಹಿಡಿದು ಚರ್ಮಸಮೇತ ಕೆರೆದು ತೆಗೆಯುವುದು, ಕೆಲವೊಮ್ಮೆ ಪ್ರಾಣವನ್ನೂ. ಜೂಜಿನಲ್ಲಿ ಸೋತು ಸಾಲ ತೀರಿಸದವನ ಹಣೆಗೆ ಬಲವಂತವಾಗಿ ಬೈಗುಳ ಚುಚ್ಚುವುದೂ ಉಂಟು. ಬ್ರಹ್ಮಲಿಪಿಯನ್ನು ಮೂರನೆಯವರೂ ನಿರಾಯಾಸವಾಗಿ ಓದಬಹುದಾದ ಅಪರೂಪದ ಆಕರವೆಂದು ಇದನ್ನು ಮನ್ನಿಸತಕ್ಕದ್ದು.

ಕಡೆಯದಾಗಿ ಒಂದು ವಿನಂತಿ. ಬ್ರಿಗೇಡ್ ರಸ್ತೆಯ ಪಾರ್ಲರಿನಲ್ಲಿ ದುಡ್ಡು ಕೊಟ್ಟು ಮಂಡಿಗೆ ನಕ್ಷತ್ರ ಹಾಕಿಸಿಕೊಂಡ ತರುಣ ಸಂಶೋಧಕರು ರಷ್ಯಾಕ್ಕೆ ಹೊರಟರೆ, ದಯವಿಟ್ಟು ಉದ್ದ ಪ್ಯಾಂಟನ್ನೇ ತೊಟ್ಟು ಹೋಗಿ.