ಟೆಂಪ್ ಎಂಬ ಧರ್ಮಛತ್ರ

ಲಿನಕ್ಸಿನ ‘ಟೆಂಪ್’ ಫೋಲ್ಡರ್ ಥೇಟ್ ಧರ್ಮಛತ್ರ. ಯಾವ ಪ್ರೋಗ್ರಾಂ ಬೇಕಾದರೂ ಬಂದು ಗಂಟು ಇಳಿಸಬಹುದು. ಆದರೆ ಒಬ್ಬ ಬಳಕೆದಾರರ ಗಂಟನ್ನು ಇನ್ನೊಬ್ಬರು ಎಸೆಯುವಂತಿಲ್ಲ, ಯಜಮಾನ ರೂಟ್ ಒಬ್ಬನನ್ನು ಬಿಟ್ಟು. ಬರುವಾಗ ಎಲ್ಲರದೂ ‘ಎರಡೇ ನಿಮಿಷ’. ಹೊರಡುವಾಗ ಗಂಟಿನ ನೆನಪು ಯಾರಿಗೂ ಇಲ್ಲ!

ಲಿನಕ್ಸಿನ ಒಂದು ರೂಪವಾದ ಡೆಬಿಯನ್‌ನಲ್ಲಿ, 2025ರ 13ನೇ ಆವೃತ್ತಿಯಿಂದ ಈ ಛತ್ರ ಡಿಸ್ಕ್ ಬಿಟ್ಟು ರ್‍ಯಾಮಿನಲ್ಲೇ ಬಿಡಾರ ಹೂಡಿದೆ. ಅರ್ಧ ರ್‍ಯಾಮಿನವರೆಗೂ ಕಾಲು ಚಾಚುವ ಹಕ್ಕು ಬೇರೆ. 4 ಜಿಬಿಯ ಬಡಪಾಯಿ ಲ್ಯಾಪ್‌ಟಾಪಿನಲ್ಲಿ 3 ಜಿಬಿ ವಿಡಿಯೊ ಅಲ್ಲಿಗೆ ತಂದರೆ, ಡಿಸ್ಕಿನಲ್ಲಿ ನೂರಾರು ಜಿಬಿ ಖಾಲಿ ಬಿದ್ದಿದ್ದರೂ ‘ಜಾಗವಿಲ್ಲ’ ಎಂಬ ಉತ್ತರವೇ.

ರೀಬೂಟ್ ಮಾಡಿದರೆ ಎಲ್ಲ ಸ್ವಚ್ಛ. ಅಲ್ಲಿಟ್ಟ ನಿಮ್ಮ ಅರ್ಧ ಬರೆದ ಅರ್ಜಿಯೂ ಸ್ವಚ್ಛ! ದಪ್ಪ ಫೈಲುಗಳಿಗೆ ‘ಟಿಎಂಪಿಡಿಐಆರ್’ ವೇರಿಯಬಲ್ ಹಾಕಿ ಡಿಸ್ಕಿನ ದಾರಿ ತೋರಿಸಿ. ಬೇಕಾದ ಫೈಲನ್ನಂತೂ ಟೆಂಪಿನಲ್ಲಿ ಇಡಲೇಬೇಡಿ.